ಅರ್ಧ ಗೆರೆ

ಅಂಗಿಯ ಐದು ಗುಂಡಿಗಳನ್ನೂ ಒಂದೊಂದಾಗಿ ಹಿಡಿದು ಜಗ್ಗಿ ನೋಡದೆ ಅತ್ತೆ ಅವಳನ್ನು ಬಾಗಿಲು ದಾಟಲು ಬಿಡುವುದಿಲ್ಲ. ಹನ್ನೊಂದು ವರ್ಷದಿಂದ ನಡೆದುಬಂದದ್ದು ಇದು. ನಲವತ್ತೇಳು ವರ್ಷದ ಸೊಸೆ, ಶಾಲೆಗೆ ಹೊರಟ ಮಗುವಿನ ಹಾಗೆ ಹೊಸ್ತಿಲ ಒಳಗೆ ಕತ್ತೆತ್ತಿ ನಿಲ್ಲಬೇಕು. ಕಣ್ಣು ಮಂಜಾದರೂ ಬೆರಳು ಮಂಜಾಗದ ಅತ್ತೆ ಕೊರಳಿಂದ ಶುರುಮಾಡಿ ಕೆಳಗಿನ ತನಕ ಒಂದೊಂದೇ ಮರದ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಬೇಕು. ಮೂರನೆಯದರ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಲ್ಲುತ್ತದೆ. ಉಳಿದ ನಾಲ್ಕು ಅಂಗಡಿಯವು, ನುಣುಪು. ಮೂರನೆಯದು ಚಾಕುವಿನಲ್ಲಿ ಕೆತ್ತಿದ್ದು, ಅಂಚು ಅಷ್ಟೇನೂ ದುಂಡಗಿಲ್ಲ. ಅಂಗಿ ಹರಿದಂತೆಲ್ಲ ಅದೊಂದು ಗುಂಡಿ ಹಳೆಯ ಅಂಗಿಯಿಂದ ಹೊಸ ಅಂಗಿಗೆ ಬರುತ್ತಾ ಬಂದಿದೆ. ಕಿರಿಯ ಮಗ ಸತ್ತ ಮೇಲೆ ಮುದುಕಿಗೆ ಹಿಡಿದ ಹುಚ್ಚು ಇದು ಎಂದು ಅವಳು ಎಂದೋ ತೀರ್ಮಾನಿಸಿಯಾಗಿತ್ತು. ಬೀದಿಯವರೆಲ್ಲ ಕಿತ್ತುಬಂದ ಗುಂಡಿಗಳನ್ನು ತಂದು ಅತ್ತೆಯ ಮುಂದೆ ಸುರಿಯುತ್ತಾರೆ. ಅತ್ತೆ ಹೊಲಿದ ಗುಂಡಿ ಬಟ್ಟೆ ಹರಿದರೂ ಬರುವುದಿಲ್ಲವೆಂದು ನಗುತ್ತಾರೆ. ಮನೆಯೆಲ್ಲ ತಡಕಾಡಿದರೂ ಒಂದೇ ಒಂದು ಪಿನ್ನು ಸಿಗುವುದಿಲ್ಲ. ದಿನಾ ಸಹಿಸಿಕೊಳ್ಳುತ್ತಿದ್ದವಳಿಗೆ ಇವತ್ತು ಮಾತ್ರ ಆ ಬೆರಳನ್ನು ತಳ್ಳಿಬಿಡಬೇಕೆನ್ನಿಸಿತು. ನಿನ್ನೆ ಸಂಜೆಯಿಂದ ಕಣ್ಣು ಮುಚ್ಚಿದರೆ ಸಾಕು, ಅಳತೆಯ ಡಬ್ಬಿಯ ಮುಳ್ಳು ಕಾಣುತ್ತಿತ್ತು. ಸೊನ್ನೆಯ ಹತ್ತಿರ ತೆಪ್ಪಗೆ ಬಿದ್ದಿರಬೇಕಾದ ಮುಳ್ಳು ಎದ್ದು, ಹನ್ನೆರಡು ಗೆರೆ ದಾಟಿ, ಅಲ್ಲೇ ಅಲ್ಲಾಡದೆ ನಿಂತದ್ದು.

"ಯಾಕೆ, ಎದೆ ಇಷ್ಟು ಹೊಡ್ಕೊಳ್ತಾ ಇದೆ?" ಎಂದಳು ಅತ್ತೆ.

"ಏನಿಲ್ಲ ಅತ್ತೆ. ಹೊತ್ತಾಯ್ತು."

"ಆದ್ರೆ ಆಗ್ಲಿ. ಇನ್ನೂ ಎರಡಿದೆ."

ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದ ಮೇಲೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಯಾರ ಮೇಲೆ ಬರಬೇಕಾದ ಸಿಟ್ಟೋ ಅದು ಯಾವಾಗಲೂ ದಾರಿ ತಪ್ಪಿ ಮನೆಗೇ ಬರುತ್ತದೆ. ಹೋದ ವರ್ಷ ಹಡಗುಕಟ್ಟೆಯ ಪಾಚಿಯ ಮೇಲೆ ಜಾರಿಬಿದ್ದು ತೊಡೆಯ ಮೂಳೆ ಮುರಿದು, ಡಾಕ್ಟರು ಒಳಗೊಂದು ತಗಡು ಕೂರಿಸಿದ ಮೇಲೆ ಎಡಗಾಲು ಒಂದಿಷ್ಟು ಎಳೆಯುತ್ತದೆ. ಅದನ್ನು ಯಾರೂ ನೋಡಬಾರದೆಂದು ಅವಳು ಜನ ಕಂಡಲ್ಲೆಲ್ಲ ನಡಿಗೆ ನಿಧಾನಿಸುತ್ತಾಳೆ. ಇವತ್ತು ನಿಧಾನಿಸಲಿಲ್ಲ. ಕಾಲೆಳೆದುಕೊಂಡೇ ಸರಸರ ನಡೆದಳು. ಮೂಲೆಯ ಅಂಗಡಿಯವನು ಏನೋ ಕೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ. ಗಂಡ ಊರಲ್ಲಿದ್ದಿದ್ದರೆ ನಿನ್ನೆಯೇ ಹೇಳಿಬಿಡುತ್ತಿದ್ದೆನೇನೋ ಅನ್ನಿಸಿತು. ಆದರೆ ಅವನು ಸರಕು ಹಡಗಿನವನು, ವರ್ಷಕ್ಕೆ ಎರಡು ಸಲ ಬರುವವನು, ಬಂದರೂ ತಮ್ಮನ ಮಾತು ಬಂದ ಕೂಡಲೇ ಎದ್ದು ಹೊರಗೆ ಹೋಗುವವನು. ಅವನಿಗೆ ಹೇಳುತ್ತಿದ್ದೆನೆಂಬುದೂ ಸುಳ್ಳೇ. ಹನ್ನೊಂದು ವರ್ಷದಲ್ಲಿ ಇಪ್ಪತ್ತೆರಡು ಸಲ ಬಂದು ಹೋಗಿದ್ದಾನಲ್ಲ.

ಕಟ್ಟೆಯ ಗೇಟಿನಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಒಳಗೆ ಹೋಗುವವರೆಲ್ಲ ಮೈಮೇಲಿನ ಕಬ್ಬಿಣವನ್ನು ಅದರಲ್ಲಿ ಬಿಟ್ಟು ಹೋಗಬೇಕು: ಬೀಗದ ಕೈ, ಚಾಕು, ಬೆಲ್ಟಿನ ಬಕಲು, ಕೂದಲಿನ ಕ್ಲಿಪ್ಪು. ಒತ್ತೆ ಪೆಟ್ಟಿಗೆ ಎನ್ನುತ್ತಾರೆ ಅದನ್ನು. ಇಲ್ಲಿ ಬಂದು ನಿಲ್ಲುವ ಹಡಗುಗಳು ಮರದವು. ಸಮುದ್ರದ ತಳದಲ್ಲಿ ಶತ್ರುಗಳು ಹುದುಗಿಸಿ ಹೋದ ಮೈನುಗಳೆಂಬ ಸಿಡಿಗುಂಡುಗಳಿಗೆ ಕಣ್ಣಿಲ್ಲ, ಕಿವಿಯಿಲ್ಲ. ಕಬ್ಬಿಣ ಮೇಲೆ ಹಾದರೆ ಅವುಗಳ ಒಳಗಿನ ಕಾಂತದ ಮುಳ್ಳು ತಿರುಗುತ್ತದೆ, ಸಿಡಿಯುತ್ತವೆ, ಅಷ್ಟೇ. ಯುದ್ಧದ ದೊಡ್ಡ ಹಡಗುಗಳೆಲ್ಲ ಕಬ್ಬಿಣದವು. ಅವು ಹೋಗುವ ದಾರಿಯನ್ನು ಈ ಮರದ ಹಡಗುಗಳು ಮುಂದೆ ಮುಂದೆ ಹೋಗಿ ಗುಡಿಸಬೇಕು. ಅದಕ್ಕೇ ಗುಡಿಸುವ ಹಡಗಿನಲ್ಲಿ ಮೊಳೆ ಹಿತ್ತಾಳೆಯದು, ಬೋಲ್ಟು ಕಂಚಿನದು, ಅಡುಗೆಯವನ ಸೌಟು ಮರದ್ದು. ತುದಿಯಲ್ಲಿ ಅಳತೆಯ ಯಂತ್ರವಿರುವ ಉದ್ದನೆಯ ಕೋಲು ಹಿಡಿದು, ಸೊಂಟದ ಡಬ್ಬಿಯ ಮುಳ್ಳು ನೋಡುತ್ತಾ, ಹಡಗಿನೊಳಗೆ ಅಂಗುಲ ಅಂಗುಲ ನಡೆದು, ಎಲ್ಲೂ ಕಬ್ಬಿಣ ಕದ್ದು ಕೂತಿಲ್ಲವೆಂದು ಬರೆದುಕೊಡುವುದು ಅವಳ ಕೆಲಸ. ಮೂರು ಗೆರೆಯ ಒಳಗಿದ್ದರೆ ಸರಿ. ಹಡಗು ಅಲ್ಲಿದೆಯೆಂದು ಮೈನಿಗೆ ಗೊತ್ತೇ ಆಗಬಾರದು. ಮುಳ್ಳಕ್ಕ ಎಂದು ಹುಡುಗರು ಹೆಸರಿಟ್ಟಿದ್ದಾರೆ. ಹೆಸರಿಗೆ ಮುಳ್ಳೇ ಹೊರತು ಯಾರಿಗೂ ಚುಚ್ಚಿದವಳಲ್ಲ. ಹಡಗುಗಳನ್ನು ಇಲ್ಲದಂತೆ ಮಾಡುತ್ತಾ ಮಾಡುತ್ತಾ ತಾನೂ ಹಾಗೇ ಆಗಿದ್ದಳು. ಅವಳು ಕೋಣೆಯಲ್ಲಿದ್ದಾಗಲೇ ಜನ ದೀಪ ಆರಿಸಿ ಹೊರಟುಬಿಡುತ್ತಿದ್ದರು.

ಅವಳು ಮನೆಯ ಬೀಗದ ಕೈಯನ್ನು ಪೆಟ್ಟಿಗೆಯಲ್ಲಿ ಹಾಕಿದಳು. ಎಂದಿನ ಹಾಗೆ ಮೂಲೆಯ ಕಡೆ ನೋಡದಿರಲು ಪ್ರಯತ್ನಪಟ್ಟಳು, ಎಂದಿನ ಹಾಗೆ ನೋಡಿದಳು. ಇತ್ತು. ವಾರಸುದಾರರಿಲ್ಲದ ಕಬ್ಬಿಣ ಪೆಟ್ಟಿಗೆಯ ತಳದಲ್ಲಿ ಎಷ್ಟೋ ಬಿದ್ದಿದೆ. ಒಂದು ಮುರಿದ ಕತ್ತರಿ, ಯಾವ ಬೀಗಕ್ಕೂ ಸೇರದ ಕೈಗಳು, ಮತ್ತೆ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿದ, ತಲೆ ಸ್ವಲ್ಪ ಸೊಟ್ಟಗಾದ ಆ ಸೇಫ್ಟಿ ಪಿನ್ನು. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಅದರ ಪಕ್ಕಕ್ಕೆ ಬೀಗದ ಕೈ ಹಾಕುತ್ತಾಳೆ, ದಿನಾ ಸಂಜೆ ಅದರ ಪಕ್ಕದಿಂದ ತೆಗೆಯುತ್ತಾಳೆ. ಕೈಯಲ್ಲಿ ಕೋಲಿದೆ, ಡಬ್ಬಿಯಿದೆ, ಎಲ್ಲವನ್ನೂ ಅಳೆಯುವ ಅಧಿಕಾರವಿದೆ. ಒಂದೇ ಒಂದು ದಿನ ಆ ಪಿನ್ನನ್ನೆತ್ತಿ ಅಳತೆಗಿಟ್ಟು ನೋಡಿಲ್ಲ.

ಹಡಗಿನ ಪಂಪಿನ ಕೋಣೆಯಲ್ಲಿ ಹೊಸ ಬಣ್ಣದ ವಾಸನೆ. ಹೋದ ತಿಂಗಳು ರಿಪೇರಿಯವರು ಪಂಪನ್ನು ಕೆಳಗಿಳಿಸಿ, ಮತ್ತೆ ಕೂರಿಸಿ, ಮೇಲೆ ಹೊಸ ಹಲಗೆ ಹೊಡೆದು ಹೋಗಿದ್ದರು. ನಿನ್ನೆ ಸಂಜೆ ಎರಡು ಸಲ ಅಳೆದಿದ್ದಳು. ಇದು ಮೂರನೆಯ ಸಲ. ಬಾಗಿಲಿಂದ ಶುರುಮಾಡಿದಳು: ಸೊನ್ನೆ, ಸೊನ್ನೆ, ಅರ್ಧ, ಸೊನ್ನೆ. ಹಿಂದೆ ಅಡುಗೆಯವನು ತನ್ನ ಡಬ್ಬಿಗಳ ಬುಟ್ಟಿ ಹಿಡಿದು ಬಾಗಿಲಿಗೊರಗಿ ನಿಂತಿದ್ದ. ಗುಂಡಗೆ, ನಗುಮುಖದವನು, ಪ್ರತಿ ಸಲ ಹೊರಡುವ ಮುಂಚೆ ಅವನ ಡಬ್ಬಿಗಳನ್ನೂ ಅವಳು ಅಳೆಯಬೇಕು.

"ಅಕ್ಕ, ನನ್ನನ್ನೂ ಒಂದ್ಸಲ ಅಳ್ದು ಬಿಡಿ. ಹೆಂಡ್ತಿ ಹೇಳ್ತಾಳೆ, ನಿಮ್ಮ ತಲೆ ಒಳಗಿರೋದು ಬರೀ ಕಬ್ಬಿಣ ಅಂತ."

ಅವಳು ನಗಲಿಲ್ಲ. ಕೋಲಿನ ತುದಿ ಪಂಪಿನ ಬುಡಕ್ಕೆ ಬಂದಿತ್ತು. ಹನ್ನೆರಡು. ಒಂದಡಿ ಈಚೆ ಎಳೆದಳು, ಸೊನ್ನೆ. ಮತ್ತೆ ಆಚೆ, ಹನ್ನೆರಡು. ಮುಳ್ಳು ನಡುಗಲೂ ಇಲ್ಲ, ಖಡಾಖಂಡಿತವಾಗಿ ಎದ್ದು ನಿಂತಿತು. ಅಡುಗೆಯವನ ನಗು ಮುಖದ ಮೇಲೆಯೇ ಹಾಗೇ ಉಳಿದಿತ್ತು. ಅವನಿಗೂ ಮುಳ್ಳು ಓದಲು ಬರುತ್ತದೆ, ಈ ಹಡಗುಗಳಲ್ಲಿ ಬದುಕುವವರಿಗೆಲ್ಲ ಬರುತ್ತದೆ. "ಅಕ್ಕ," ಎಂದ ಮೆಲ್ಲಗೆ, "ಮಧ್ಯಾಹ್ನ ಎರಡಕ್ಕೆ ಹೊರಡೋದು ನಾವು."

ಎರಡಕ್ಕೆ ಹೊರಡುವುದು. ಹನ್ನೊಂದು ವರ್ಷದ ಹಿಂದೆ, ಅವತ್ತೂ ಎರಡಕ್ಕೇ. ಉಬ್ಬರ ಇಳಿಯುವ ಮುಂಚೆ ಹೊರಡಬೇಕೆಂದು ಎಲ್ಲರಿಗೂ ಆತುರ. ಅವತ್ತು ಬೆಳಿಗ್ಗೆ ಮನೆಯಿಂದ ಹೊರಡುವಾಗ ಮೂರನೆಯ ಗುಂಡಿ ಎರಡು ಹೋಳಾಗಿ ಕೈಗೆ ಬಂದಿತ್ತು. ಬೇರೆ ಅಂಗಿ ಒದ್ದೆ. ಅತ್ತೆ ಎಲ್ಲಿಂದಲೋ ಒಂದು ಪಿನ್ನು ತಂದು, ಬೇಡ ಬೇಡ ಎನ್ನುತ್ತಿದ್ದರೂ ಅಂಗಿಯ ಪಟ್ಟಿಯ ಅಡಿಯಲ್ಲಿ, ಕಾಣದ ಹಾಗೆ, ಚುಚ್ಚಿದ್ದಳು. ಗೇಟಿನಲ್ಲಿ ತೆಗೆದುಬಿಡಬೇಕು ಎಂದುಕೊಂಡೇ ಬಂದವಳು ಗೇಟಿನಲ್ಲಿ ಬೀಗದ ಕೈ ಹಾಕಿದಳು, ಪಿನ್ನು ಮರೆತಳು. ಇಡೀ ಕಟ್ಟೆಯಲ್ಲಿ ಕಬ್ಬಿಣ ಹುಡುಕುವ ಕೆಲಸದವಳು ಎದೆಯ ಮೇಲೇ ಕಬ್ಬಿಣ ಇಟ್ಟುಕೊಂಡು ಒಳಗೆ ಹೋದಳು. ಪಂಪಿನ ಬುಡದಲ್ಲಿ ಮುಳ್ಳು ಎದ್ದು ಹನ್ನೆರಡಕ್ಕೆ ನಿಂತಾಗ ಮೇಲ್ವಿಚಾರಕರು ಕೋಲನ್ನೂ ನೋಡಲಿಲ್ಲ, ಪಂಪನ್ನೂ ನೋಡಲಿಲ್ಲ, ಅವಳನ್ನು ನೋಡಿದರು. ಏನಮ್ಮಾ, ಮೈಮೇಲೆ ಏನಾದ್ರೂ ಇದೆಯಾ? ಎದೆಗೆ ಕೈಹೋಯಿತು. ಅಷ್ಟು ಸಾಕಾಯಿತು. ಹದಿನಾಲ್ಕು ಗಂಡಸರ ಮುಂದೆ, ಒಂದು ಕೈಯಲ್ಲಿ ಅಂಗಿ ಕೂಡಿಸಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಪಿನ್ನು ಬಿಚ್ಚಿ ಕೊಟ್ಟಳು. ಮೇಲ್ವಿಚಾರಕರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಇಗೋ ನಿಮ್ಮ ಹನ್ನೆರಡು ಗೆರೆ! ನಗು ಹಡಗಿನ ಆ ತುದಿಯಿಂದ ಈ ತುದಿಗೆ ಹೋಯಿತು. ಬಗ್ಗಿದಾಗ ಕೋಲಿಗೆ ಹತ್ತಿರ ಬಂದಿದೆ ಇದು, ಬಗ್ಗಿದ್ದೆ ತಾನೇ? ಎಂದರು. ಅವಳು ಬಗ್ಗಿರಲಿಲ್ಲ. ಕೋಲು ಆಳುದ್ದ ಇದೆ, ಅದನ್ನು ಹಿಡಿದು ಯಾರೂ ಬಗ್ಗುವುದಿಲ್ಲ. ಪಿನ್ನಿನಿಂದಲೇ ಆಗಿದ್ದರೆ ಬಾಗಿಲಲ್ಲಿ ಯಾಕೆ ಏಳಲಿಲ್ಲ, ಮೆಟ್ಟಿಲಲ್ಲಿ ಯಾಕೆ ಏಳಲಿಲ್ಲ, ಪಂಪಿನ ಬುಡದಲ್ಲೇ ಯಾಕೆ ಎದ್ದಿತು? ಇಷ್ಟೂ ಆ ಕ್ಷಣವೇ, ಕಣ್ಣಿಗೆ ಕಟ್ಟಿದ ಹಾಗೆ, ಅವಳಿಗೆ ಗೊತ್ತಿತ್ತು. ಆದರೆ ಅಂಗಿ ಕೂಡಿಸಿ ಹಿಡಿದ ಕೈ ಬೆವರುತ್ತಿತ್ತು, ಕಿವಿ ಸುಡುತ್ತಿತ್ತು, ಅಲ್ಲಿಂದ ಒಮ್ಮೆ ಹೊರಗೆ ಹೋದರೆ ಸಾಕಾಗಿತ್ತು. ಹೌದು ಸಾರ್, ಬಗ್ಗಿದ್ದೆ, ಎಂದಳು. ಮತ್ತೊಂದು ಸಲ ಅಳೆಯಬೇಕೆಂಬ ನಿಯಮವನ್ನು ಉಬ್ಬರದ ನೆಪದಲ್ಲಿ ಕೈಬಿಟ್ಟು, ಅವರು ಸೊನ್ನೆ ಬರೆದರು. ಅವಳು ಸಹಿ ಮಾಡಿದಳು. ಪಿನ್ನನ್ನು ಹೋಗುವಾಗ ಅವರೇ ಒತ್ತೆ ಪೆಟ್ಟಿಗೆಗೆ ಎಸೆದರು.

ಆ ಹದಿನಾಲ್ಕರಲ್ಲಿ ಎಂಜಿನ್ನಿನ ಕೆಲಸದ ಒಬ್ಬ ಅವಳ ಮೈದುನ. ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ಉಬ್ಬರ ತಪ್ಪಿ ಹಡಗು ಮರುದಿನ ಬೆಳಿಗ್ಗೆ ಹೊರಡುವುದೆಂದಾದಾಗ (ಇಡೀ ಒಂದು ಸಂಜೆ ಸಮಯವಿತ್ತು, ನಾಲ್ಕು ಸಲ ಅಳೆಯಬಹುದಿತ್ತು) ಅವನು ಮನೆಗೆ ಬಂದು ಊಟಕ್ಕೆ ಕೂತು, ನಕ್ಕು ನಕ್ಕು, ಅಮ್ಮನಿಗೆ ಕಥೆ ಹೇಳಿದ. ಆಮೇಲೆ ಅವಳ ಮುಖ ನೋಡಿ ಎದ್ದು ಹೋದ. ಹಿತ್ತಿಲಲ್ಲಿ ಕೂತು ಒಂದು ಮರದ ಚೂರು ಕೆತ್ತಿ ಗುಂಡಿ ಮಾಡಿ ತಂದು, ತಗೊಳ್ಳಿ ಅತ್ತಿಗೆ, ಇನ್ನು ಯಾವನೂ ನಗಲ್ಲ, ಎಂದು ಕೈಯಲ್ಲಿಟ್ಟ. ನಾಲ್ಕನೆಯ ದಿನ ಹಡಗು ಸಿಡಿಯಿತು. ಹದಿನಾಲ್ಕರಲ್ಲಿ ಒಂಬತ್ತು ಜನ ಸತ್ತರು, ಮೈದುನನೂ. ವಿಚಾರಣೆಯ ಕಾಗದದಲ್ಲಿ, ಕಾರಣ ಖಚಿತವಿಲ್ಲ ಎಂದಿತ್ತು.

"ಅಕ್ಕ," ಎಂದು ಅಡುಗೆಯವನು ಮತ್ತೆ ಕರೆದ. "ಕಪ್ತಾನರನ್ನ ಕರೀಲಾ?"

"ಕರಿ," ಎಂದಳು. ತನ್ನ ದನಿ ಅಷ್ಟು ದೊಡ್ಡದಾಗಿ ಬಂದದ್ದು ಕೇಳಿ ಅವಳೇ ಬೆಚ್ಚಿದಳು. "ಎಲ್ಲರನ್ನೂ ಕರಿ."

ಕಟ್ಟೆಯ ಮೇಲಿನ ಅಳತೆ ಕೋಣೆಯಲ್ಲಿ ಅದೇ ಮೇಲ್ವಿಚಾರಕರು ಆಗಲೇ ಕಾಗದ ತುಂಬಿಸಿಟ್ಟು, ಅವಳ ಸಹಿಯ ಜಾಗ ಮಾತ್ರ ಬಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೂತಿದ್ದರು. ವಯಸ್ಸಾಗಿದೆ. ಹುಬ್ಬು ಬೆಳ್ಳಗಾಗಿದೆ. ಅವರೇನು ಕೆಟ್ಟವರಲ್ಲ, ಅವಳ ಕಾಲು ಮುರಿದಾಗ ಆಸ್ಪತ್ರೆಗೆ ಎರಡು ಸಲ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಏನು ಮಾತಾಡಬೇಕೋ ತಿಳಿಯದೆ ಎದ್ದು ಹೋಗಿದ್ದರು. ಕೆಟ್ಟವರಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು ಎಂದು ಅವಳಿಗೆ ಅನ್ನಿಸಿತು. ಕಪ್ತಾನ ಒಳಗೆ ಬಂದ, ಮೂವತ್ತು ದಾಟಿರದ ಹುಡುಗ. ಹಿಂದೆ ಅಡುಗೆಯವನು, ಅವನ ಹಿಂದೆ ಹಡಗಿನ ಏಳೆಂಟು ಜನ ಬಾಗಿಲಲ್ಲಿ ಗುಂಪಾದರು.

"ಪಂಪಿನ ಬುಡದಲ್ಲಿ ಹನ್ನೆರಡು ಗೆರೆ ಇದೆ. ಮೂರು ಸಲ ಅಳ್ದಿದೀನಿ. ಸಹಿ ಮಾಡಲ್ಲ," ಎಂದಳು ಅವಳು.

ಮೇಲ್ವಿಚಾರಕರು ಕಪ್ತಾನನ ಕಡೆ ನೋಡಿ ನಕ್ಕರು. ಮನೆಯ ಹೆಂಗಸರ ಪರವಾಗಿ ಕ್ಷಮೆ ಕೇಳುವಾಗ ನಗುವ ನಗು. "ನೋಡಮ್ಮ, ರಿಪೇರಿಯವರು ಬರ್ದು ಕೊಟ್ಟಿದಾರೆ, ಎಲ್ಲಾ ಕಂಚಿನ ಬೋಲ್ಟೇ ಅಂತ. ಮೇಲಿಂದ ಆರ್ಡರ್ ಬಂದಿದೆ. ಹಿಂದೆ ಆರು ದೊಡ್ಡ ಹಡಗು ಕಾಯ್ತಾ ನಿಂತಿವೆ."

"ಬರ್ದು ಕೊಟ್ಟಿದ್ದನ್ನ ಮೈನು ಓದಲ್ಲ ಸಾರ್."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅವರ ಮುಖ ಕೆಂಪಾಯಿತು. ಆಮೇಲೆ ಅವರ ಕಣ್ಣು ನಿಧಾನವಾಗಿ ಅವಳ ಮುಖದಿಂದ ಕೆಳಗಿಳಿದು ಎಡತೊಡೆಯ ಮೇಲೆ ನಿಂತಿತು. ಅವಳಿಗೆ ಗೊತ್ತಾಯಿತು. ಬರುತ್ತದೆ, ಈಗ ಬರುತ್ತದೆ ಎಂದು ಅವಳು ಕಾದಳು.

"ಕಾಲಲ್ಲಿ ತಗಡು ಹಾಕಿದಾರಲ್ಲ ನಿಂಗೆ," ಎಂದರು, ಬಹಳ ಮೃದುವಾಗಿ. "ನಾನು ಅವತ್ತೇ ಹೇಳ್ಬೇಕು ಅಂತಿದ್ದೆ, ಮನಸ್ಸಿಗೆ ನೋವಾಗುತ್ತೆ ಅಂತ ಸುಮ್ನಿದ್ದೆ. ಪಂಪಿನ ಹತ್ರ ಜಾಗ ಇಕ್ಕಟ್ಟು. ಬಗ್ಗಿರ್ತೀಯ. ತೊಡೆ ಕೋಲಿಗೆ ಹತ್ರ ಬರುತ್ತೆ. ಅಷ್ಟೇ ಇದು. ತಪ್ಪೇನಿಲ್ಲ. ಬೇರೆ ಯಾರಾದ್ರೂ ಸಹಿ ಮಾಡ್ತಾರೆ, ನೀನು ಮನೆಗೆ ಹೋಗು."

ಬಗ್ಗಿರ್ತೀಯ. ಅದೇ ಮಾತು, ಹನ್ನೊಂದು ವರ್ಷದ ಮೇಲೆ ಅದೇ ಮಾತನ್ನು ಒಗೆದು ಇಸ್ತ್ರಿ ಮಾಡಿ ಮತ್ತೆ ತೊಡಿಸಲು ತಂದಿದ್ದರು. ಗಂಡಸರ ಕಣ್ಣುಗಳೆಲ್ಲ ಅವಳ ತೊಡೆಗೆ ಬಂದವು. ಅದೇ ಕಿವಿ ಸುಡುವುದು, ಅದೇ ಅಂಗೈ ಬೆವರು. ಕೈ ತಾನೇ ತಾನಾಗಿ ಎದೆಯ ಗುಂಡಿಗೆ ಹೋಯಿತು. ಗುಂಡಿ ಗಟ್ಟಿಯಾಗಿತ್ತು. ಬೆಳಿಗ್ಗೆ ತಾನೇ ಅತ್ತೆ ಜಗ್ಗಿ ನೋಡಿದ ಗುಂಡಿ. ಕಾಲು ವಾಸಿಯಾಗಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಅವಳು ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು ಕೋಲನ್ನು ತೊಡೆಗೆ ಹಿಡಿದು ನೋಡಿದ್ದಳು, ಮುಳ್ಳು ಅಲುಗಿರಲಿಲ್ಲ, ಆ ತಗಡು ಕಾಂತ ಹಿಡಿಯದ ಲೋಹದ್ದು. ಆದರೆ ಅದನ್ನು ಯಾರೂ ಕಂಡಿರಲಿಲ್ಲ, ಎಲ್ಲೂ ಬರೆದಿರಲಿಲ್ಲ. ತನಗೊಬ್ಬಳಿಗೇ ಗೊತ್ತಿರುವ ಸತ್ಯದಿಂದ ಯಾರ ಪ್ರಾಣವೂ ಉಳಿಯುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

"ಹಾಗಾದ್ರೆ ನನ್ನನ್ನ ಅಳೀರಿ," ಎಂದಳು.

"ಏನು?"

"ನನ್ನನ್ನ. ಡಬ್ಬಿ ಅಳೀತೀವಿ, ಸೌಟು ಅಳೀತೀವಿ. ನಂಗೇನು ಕೋಡಿದೆಯಾ?"

ಕೋಣೆಯ ನಡುವೆ ಮರದ ಉದ್ದ ಮೇಜಿದೆ, ಸಾಮಾನು ಅಳೆಯುವುದಕ್ಕೆ. ಅವಳು ಅಡುಗೆಯವನು ಅಳತೆಗೆ ತಂದಿಟ್ಟಿದ್ದ ಡಬ್ಬಿಗಳನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಮೇಜಿನ ಅಂಚಿಗೆ ಕೂತು, ಕೆಟ್ಟ ಕಾಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗಾತ ಮಲಗಿದಳು. ಮೇಲೆ ಛಾವಣಿಯ ತೇವದ ಕಲೆ ಕಾಣುತ್ತಿತ್ತು. ಇಷ್ಟು ವರ್ಷ ಈ ಕೋಣೆಯಲ್ಲಿದ್ದು ಅವಳು ಅದನ್ನು ನೋಡಿಯೇ ಇರಲಿಲ್ಲ, ಏಕೆಂದರೆ ಕತ್ತೆತ್ತಿಯೇ ಇರಲಿಲ್ಲ. ಗಂಡಸರ ಮುಂದೆ ಹೀಗೆ ಮಲಗಿದ್ದೇನೆ, ನಾಚಿಕೆ ಎಲ್ಲಿ ಎಂದು ಹುಡುಕಿದಳು. ಅದು ಬಾಗಿಲಲ್ಲಿ ನಿಂತವರ ಮುಖದ ಮೇಲೆ ಇತ್ತು. ಅವರು ತಲೆ ತಗ್ಗಿಸಿದ್ದರು. "ಕಪ್ತಾನರೇ, ಕೋಲು ನೀವೇ ಹಿಡೀರಿ," ಎಂದಳು. "ಹತ್ರ ಹಿಡೀರಿ. ಇನ್ನೂ ಹತ್ರ. ಬಟ್ಟೆಗೆ ತಾಗಿಸಿ. ಓದಿ ಹೇಳಿ, ಗಟ್ಟಿಯಾಗಿ."

ಕಪ್ತಾನ ಕೋಲನ್ನು ತೊಡೆಯ ಉದ್ದಕ್ಕೂ ಎರಡು ಸಲ ಎಳೆದ. "ಸೊನ್ನೆ," ಎಂದ. ಬಾಗಿಲಲ್ಲಿದ್ದವರಿಗೂ ಕೇಳುವಂತೆ ಮತ್ತೆ ಹೇಳಿದ, "ಸೊನ್ನೆ."

"ಬರೀರಿ ಸಾರ್," ಎಂದು ಅವಳು ಮಲಗಿಕೊಂಡೇ ಹೇಳಿದಳು. ಮೇಲ್ವಿಚಾರಕರು ಬರೆಯಲಿಲ್ಲ. ಅವಳು ಇಳಿದು ಬಂದು, ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಅಳತೆಯ ಪುಸ್ತಕದಲ್ಲಿ ತಾನೇ ಬರೆದಳು: ಅಳತೆಯವಳ ತೊಡೆ, ಸೊನ್ನೆ. ಪಂಪಿನ ಬುಡ, ಹನ್ನೆರಡು. ಅಡಿಯಲ್ಲಿ ಕಪ್ತಾನನ ಸಹಿ ಹಾಕಿಸಿದಳು. ಅಷ್ಟಕ್ಕೆ ಬಿಡಬಹುದಿತ್ತು. ಹಡಗು ಉಳಿಯಲು ಅಷ್ಟು ಸಾಕಾಗಿತ್ತು. ಕಪ್ತಾನ ಆಗಲೇ ತಿರುಗಿ, "ಪಂಪಿನ ಹಲಗೆ ಎಬ್ಬಿಸ್ರೋ," ಎಂದು ಹೇಳಿಯಾಗಿತ್ತು. ಆದರೆ ಅವಳ ಕಾಲು ನಿಲ್ಲಲಿಲ್ಲ. ಎಳೆದುಕೊಂಡೇ ಗೇಟಿನ ತನಕ ಹೋದಳು, ಒತ್ತೆ ಪೆಟ್ಟಿಗೆಗೆ ಕೈಹಾಕಿ ಮೂಲೆಯಿಂದ ಪಿನ್ನನ್ನು ಎತ್ತಿದಳು. ಎಷ್ಟು ಹಗುರ. ದಿನಾ ನೋಡಿ ನೋಡಿ ಅದು ಎಷ್ಟು ಭಾರ ಇರಬಹುದೆಂದು ಅವಳ ಮನಸ್ಸಿನಲ್ಲಿ ಏನೇನೋ ಬೆಳೆದಿತ್ತು. ವಾಪಸು ಬರುವ ನೂರು ಹೆಜ್ಜೆಯಲ್ಲಿ ಅವಳು, ಹನ್ನೆರಡು ತೋರಿಸು, ಹನ್ನೆರಡು ತೋರಿಸಿಬಿಡು, ಎಂದು ಆ ಪಿನ್ನನ್ನು ಬೇಡಿಕೊಂಡಳು. ಹನ್ನೆರಡು ತೋರಿಸಿದರೆ ಅವತ್ತಿನ ಅವಳ ಮಾತು ನಿಜವಾಗುತ್ತದೆ. ಬರೀ ಮರೆವು, ಬರೀ ಒಂದು ಪಿನ್ನು. ಮಧ್ಯದಲ್ಲಿ ನಿಂತು ಅದನ್ನು ನೀರಿಗೆ ಎಸೆದುಬಿಡೋಣ ಎಂದೂ ಅನ್ನಿಸಿತು. ಎಸೆಯಲಿಲ್ಲ.

ಮೇಜಿನ ಮೇಲೆ ಪಿನ್ನಿಟ್ಟು, ಅವತ್ತು ಎದೆಗೂ ಕೋಲಿಗೂ ಇದ್ದಷ್ಟು ದೂರದಲ್ಲಿ ಕೋಲು ಹಿಡಿದಳು. ಮುಳ್ಳು ಅಲುಗಿತೋ ಇಲ್ಲವೋ ಎಂಬಂತೆ ಅಲುಗಿ ನಿಂತಿತು. ಅರ್ಧ ಗೆರೆ. ಮೇಲ್ವಿಚಾರಕರು ಪಿನ್ನನ್ನು ಗುರುತಿಸಿದ್ದರು.

ಅವಳು ಬೀರು ತೆಗೆದು, ಹನ್ನೊಂದು ವರ್ಷದ ಹಿಂದಿನ ಪುಸ್ತಕ ಹುಡುಕಿ, ಆ ಪುಟ ತೆರೆದಳು. ಅವರು ಬರೆದ ಸೊನ್ನೆ ಇತ್ತು, ಅವಳ ಸಹಿ ಇತ್ತು. ಎರಡೂ ಎಷ್ಟು ಅಚ್ಚುಕಟ್ಟಾಗಿ ಕಾಣುತ್ತಿದ್ದವು. ಅಂಚಿನ ಖಾಲಿ ಜಾಗದಲ್ಲಿ ಬರೆದಳು: ಪಂಪಿನ ಬುಡದಲ್ಲಿ ಹನ್ನೆರಡು ಗೆರೆ ಇತ್ತು. ಪಿನ್ನಿನಿಂದ ಅರ್ಧ ಗೆರೆ ಮಾತ್ರ. ನಾನು ಬಗ್ಗಿರಲಿಲ್ಲ. ಇದು ನನಗೆ ಅಂದೇ ಗೊತ್ತಿತ್ತು. ಇವತ್ತಿನ ತಾರೀಖು ಹಾಕಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.

"ಕೆಲಸ ಹೋಗುತ್ತೆ ನಿಂದು," ಎಂದರು ಅವರು.

"ಹೋಗ್ಲಿ."

ಅವರು ಪುಟದ ಮೇಲೆ ಬಗ್ಗಿ ಬಹಳ ಹೊತ್ತು ಓದಿದರು. ನಾಲ್ಕು ಸಾಲು ಓದಲು ಅಷ್ಟು ಹೊತ್ತು ಬೇಡ. "ನಂಗೂ ಗೊತ್ತಿತ್ತು ಅಂತ ಬರೀಲಿಲ್ವಲ್ಲ ನೀನು," ಎಂದರು ಕೊನೆಗೆ, ಬಾಗಿಲಲ್ಲಿದ್ದವರಿಗೆ ಕೇಳಿಸದಷ್ಟು ಮೆಲ್ಲಗೆ.

"ಅದು ನೀವು ಬರೀಬೇಕು ಸಾರ್. ನಾನು ನಂದು ಬರ್ದಿದೀನಿ." ಪೆನ್ನನ್ನು ಅವರ ಮುಂದೆ, ಮುಚ್ಚಳ ಹಾಕದೆ, ಇಟ್ಟಳು.

ಹಲಗೆ ಎಬ್ಬಿಸಿದಾಗ ನಾಲ್ಕು ಬೋಲ್ಟುಗಳೂ ಕಂಚಿನ ಹಾಗೇ ಹೊಳೆಯುತ್ತಿದ್ದವಂತೆ. ಅಡುಗೆಯವನು ಓಡಿ ಬಂದು ಗೇಟಿನ ಹತ್ತಿರ ಅವಳನ್ನು ಹಿಡಿದು ಹೇಳಿದ. ಹಿತ್ತಾಳೆ ಚಮಚದ ಅಂಚಿನಲ್ಲಿ ಕೆರೆದರೆ ಬಣ್ಣ ಏಳುತ್ತಿದೆ, ಅಡಿಯಲ್ಲಿ ಬೂದು ಕಬ್ಬಿಣ. ಕಂಚಿನದು ಸಿಗಲಿಲ್ಲವೆಂದು ಯಾರೋ ಪುಣ್ಯಾತ್ಮರು ಬಣ್ಣ ಬಳಿದು ಕೂರಿಸಿದ್ದಾರೆ. "ಎಷ್ಟು ಚೆನ್ನಾಗಿ ಬಳ್ದಿದಾರೆ ಅಂತೀರಿ ಅಕ್ಕ!" ಎಂದ ಅವನು. ಅವಳು ಪೆಟ್ಟಿಗೆಯಿಂದ ಬೀಗದ ಕೈ ತೆಗೆದುಕೊಂಡಳು. ಪಿನ್ನು ಮುಷ್ಟಿಯಲ್ಲಿತ್ತು.

ಗೆದ್ದೆ ಎಂದು ದಾರಿಯಲ್ಲಿ ಅನ್ನಿಸಬೇಕಿತ್ತು. ಅಡುಗೆಯವನು ಇವತ್ತು ಸಾಯುವುದಿಲ್ಲ, ಕಪ್ತಾನ ಸಾಯುವುದಿಲ್ಲ. ಇವತ್ತು ಇಷ್ಟು ಸುಲಭವಿ‌ದ್ದದ್ದು ಅವತ್ತೂ ಇಷ್ಟೇ ಸುಲಭವಿತ್ತು ಎಂಬ ಯೋಚನೆ ಮಾತ್ರ ಮೂಲೆ ಮೂಲೆಯಲ್ಲೂ ಎದುರಾಗುತ್ತಿತ್ತು. ಅಂಗಿ ಕೂಡಿಸಿ ಹಿಡಿದ ಕೈ ಬಿಟ್ಟು, ಮೇಲೆತ್ತಿ, ಇಲ್ಲ, ಎಂದಿದ್ದರೆ ಸಾಕಿತ್ತು. ಎದೆ ಕಾಣುತ್ತಿತ್ತು, ಕಂಡರೆ ಕಾಣಲಿ. ಒಂಬತ್ತು ಜನ ಅದನ್ನೊಂದು ತಮಾಷೆಯ ಕಥೆಯಾಗಿ ಮುಪ್ಪಿನ ತನಕ ಹೇಳಿಕೊಂಡು ನಗುತ್ತಿದ್ದರು.

ಅತ್ತೆ ಜಗಲಿಯ ಬಿಸಿಲಲ್ಲಿ ಕೂತು ಯಾರದೋ ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಎಳೆಯುವ ಕಾಲಿನ ಸದ್ದು ಗುರುತಿಸಿ ತಲೆಯೆತ್ತಿದಳು. "ಇದೇನು, ಇಷ್ಟು ಬೇಗ?"

ಅವಳು ಅತ್ತೆಯ ಅಂಗೈ ಬಿಡಿಸಿ ಪಿನ್ನಿಟ್ಟಳು. ಅತ್ತೆಯ ಹೆಬ್ಬೆರಳು ಅದರ ಮೇಲೆ ಓಡಾಡಿ ಸೊಟ್ಟ ತಲೆಯ ಹತ್ತಿರ ನಿಂತಿತು. "ಎಲ್ಲಿತ್ತು ಇದು?"

"ಗೇಟಿನ ಪೆಟ್ಟಿಗೆಯಲ್ಲಿ."

"ನಾನೇ ಕಣೇ ಚುಚ್ಚಿದ್ದು," ಎಂದಳು ಅತ್ತೆ. ಪಿಸುಮಾತಿನಂತೆ ಶುರುವಾದದ್ದು ಎಳೆ ಬಿಚ್ಚಿದ ಹಾಗೆ ಒಂದೇ ಸಮ ಬಂತು. "ನೀನು ಬೇಡ ಅಂದೆ. ಇವತ್ತೊಂದಿನ ಏನಾಗುತ್ತೆ ಅಂತ ನಾನೇ ಚುಚ್ಚಿದೆ. ಸಂಜೆ ಅವನು ಬಂದು, ಅಮ್ಮಾ ನಿನ್ನ ಪಿನ್ನು ನಮ್ಮ ಹಡಗಿನ ಅಳತೆ ಕೆಡಿಸ್ತು ಅಂದ. ನಗ್ತಾನೇ ಅಂದ. ನಾನೂ ನಕ್ಕೆ. ನಾಲ್ಕೇ ದಿನ ಆಮೇಲೆ... ನನ್ನ ಕೈಯಾರೆ ಕಣೇ. ನಿನ್ ಹತ್ರ ಹೇಗೆ ಹೇಳ್ಲಿ, ನಿನ್ ಗಂಡನ ಹತ್ರ ಹೇಗೆ ಹೇಳ್ಲಿ."

ಅವಳು ಮೆಟ್ಟಿಲ ಮೇಲೆ ನಿಂತಲ್ಲೇ ನಿಂತಳು. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಐದು ಗುಂಡಿ. ಹುಚ್ಚು ಎಂದುಕೊಂಡಿದ್ದಳು. ತನ್ನ ತಪ್ಪನ್ನೇ ಮಡಿಲಲ್ಲಿಟ್ಟುಕೊಂಡು ಕಾದವಳಿಗೆ ಪಕ್ಕದಲ್ಲಿ ಇನ್ನೊಬ್ಬಳು ಮಾಡದ ತಪ್ಪು ಹೊತ್ತು ಕೂತದ್ದು ಕಂಡಿರಲಿಲ್ಲ.

"ಅರ್ಧ ಗೆರೆ ಅತ್ತೆ," ಎಂದಳು. "ಇವತ್ತು ಅಳ್ದೆ. ನಿಮ್ಮ ಪಿನ್ನು ಬರೀ ಅರ್ಧ ಗೆರೆ. ಅದ್ರಿಂದ ಇರುವೆನೂ ಸಾಯಲ್ಲ. ನಿಮ್ಮಿಂದ ಅಲ್ಲ."

ಅತ್ತೆಯ ಮಂಜುಗಣ್ಣು ಅವಳ ಮುಖ ಇರುವ ಕಡೆಗೆ ತಿರುಗಿತು. "ಮತ್ತೆ ಯಾರಿಂದ?"

ಕಬ್ಬಿಣದ ಬೋಲ್ಟಿನಿಂದ ಎನ್ನಬಹುದಿತ್ತು. ಸುಳ್ಳೇನೂ ಆಗುತ್ತಿರಲಿಲ್ಲ. ಅತ್ತೆಗೂ ನೆಮ್ಮದಿ, ತನಗೂ ಒಂದು ಮನೆ ಉಳಿಯುತ್ತಿತ್ತು. ಪುಸ್ತಕದಲ್ಲಿ ಬರೆಯುವುದು ಎಷ್ಟು ಸಲೀಸು, ಅದನ್ನಿಡುವ ಬೀರುವಿಗೆ ಸತ್ತ ಮಗ ಇರುವುದಿಲ್ಲ.

"ಬೋಲ್ಟು ಕಬ್ಬಿಣದ್ದಿರ್ಬೇಕು. ಹಡಗಿನ ಒಳಗೆ ಏನೋ ಇದೆ ಅಂತ ನಂಗೆ ಅವತ್ತೇ ಗೊತ್ತಿತ್ತು ಅತ್ತೆ. ಹೇಳ್ಬೇಕಿತ್ತು. ನಾಚಿಕೆ ಆಯ್ತು, ಹೇಳ್ಲಿಲ್ಲ. ಪಿನ್ನಿಂದ್ಲೇ ಅಂತ ಒಪ್ಕೊಂಡು ಸಹಿ ಮಾಡ್ದೆ."

ಕೋಟು ಅತ್ತೆಯ ಮಡಿಲಿಂದ ಜಾರಿ ಕೆಳಗೆ ಬಿತ್ತು. ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹಾದು ಹೋದರು. ಅತ್ತೆ ಗೋಡೆ ಹಿಡಿದು ಎದ್ದು, ಕೈಚಾಚಿ ತಡಕಾಡಿ, ಅವಳ ಅಂಗಿ ಸಿಕ್ಕಿದ ಮೇಲೆ ಮೂರನೆಯ ಗುಂಡಿಗೆ ಬಂದಳು. ಹಿಡಿದಳು. ಕಿತ್ತುಕೊಳ್ಳುತ್ತಾಳೆ ಎಂದು ಅವಳಿಗನ್ನಿಸಿತು, ಕಿತ್ತುಕೊಳ್ಳಲಿ ಎಂದು ಕತ್ತೆತ್ತಿ ನಿಂತಳು. ಅತ್ತೆ ಹಿಂದೆಂದೂ ಜಗ್ಗದಷ್ಟು ಬಲವಾಗಿ ಜಗ್ಗಿದಳು. ಅವಳು ಮುಗ್ಗರಿಸಿ ಒಂದು ಹೆಜ್ಜೆ ಮುಂದೆ ಬಂದಳು. ಗುಂಡಿ ಬರಲಿಲ್ಲ.

"ಇವತ್ತಿನ ಹಡಗು?" ಎಂದಳು ಅತ್ತೆ.

"ಹೋಗ್ಲಿಲ್ಲ. ನಾನು ಬಿಡ್ಲಿಲ್ಲ."

ಅತ್ತೆ ಗುಂಡಿಯ ಮೇಲಿನ ಹಿಡಿತ ಬಿಡಲಿಲ್ಲ. ಅವಳೂ ಕತ್ತು ತಗ್ಗಿಸಲಿಲ್ಲ.